ಅವ್ವನ ಕೈ ಮತ್ತು ಒಂದು ಸತ್ತ ಕ್ರಿಯಾಪದ

ಇಂಗ್ಲಿಷಿನಲ್ಲಿ ಹಿಂದೆ ‘ನಿಮ್’ ಎಂಬ ಒಂದು ಕ್ರಿಯಾಪದವಿತ್ತು. ಹಿಡಿ, ತೆಗೆದುಕೋ, ವಶ ಮಾಡಿಕೋ ಎಂದು ಅದರ ಅರ್ಥ. ಅದು ಸತ್ತು ಬಹಳ ಕಾಲವಾಯಿತು. ಸತ್ತ ಪದದ ಮೇಲೆ ಯಾರಿಗಾದರೂ ಪ್ರೀತಿ ಹುಟ್ಟುತ್ತದೆಯೇ ಎಂದು ಕೇಳಬೇಡಿ, ನನಗೆ ಹುಟ್ಟಿತು. ಸೇಡಂನ ಒಂದು ಕಾಲೇಜಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಬದುಕಿರುವ ಇಂಗ್ಲಿಷನ್ನೇ ಮಕ್ಕಳ ತಲೆಗೆ ಹೊಗಿಸಲು ಏಗುತ್ತಿರುವವಳು ಸತ್ತದ್ದರ ಬೆನ್ನು ಹತ್ತುವುದು ಹುಚ್ಚೇ ಸರಿ. ಆದರೆ ಆ ವರ್ಷ ನಮ್ಮವ್ವನ ಬಲಗೈಗೆ ಜೋಮು ಹಿಡಿದಿತ್ತು. ಮನೆಯಲ್ಲಿ ಎಲ್ಲರ ಮಾತೂ ಆ ಕೈಯ ಸುತ್ತಲೇ ತಿರುಗುತ್ತಿತ್ತು. ಹಿಡಿಯುವುದಕ್ಕೆ ಸಂಬಂಧಪಟ್ಟ ಪದವೊಂದು ಕಣ್ಣಿಗೆ ಬಿದ್ದರೆ ಸುಮ್ಮನೆ ದಾಟಿ ಹೋಗುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮೊದಲು ಕೈಯ ಕತೆ ಹೇಳುತ್ತೇನೆ. ನಮ್ಮದು ಶಹಾಬಾದ. ಮನೆಯಲ್ಲಿ ಅಪ್ಪ, ಅವ್ವ, ನಾನು. ತಂಗಿಯನ್ನು ಚಿಂಚೋಳಿಗೆ ಕೊಟ್ಟಿದೆ. ನನ್ನ ಮದುವೆ ಆಗಲಿಲ್ಲ. ಅದು ಬೇರೆಯೇ ಕತೆ, ದುಃಖದ್ದೇನಲ್ಲ. ಅಪ್ಪನಿಗೆ ಊರ ಹೊರಗೆ ಫರಸಿ, ಅಂದರೆ ನಮ್ಮೂರಿನ ಹಾಸುಗಲ್ಲು, ಪಾಲಿಶ್ ಮಾಡಿಸುವ ಒಂದು ಸಣ್ಣ ಜಾಗವಿದೆ. ಬಚ್ಚಲ ಮುಂದೆ ಹಾಕುವ ಕಲ್ಲಿಗೆ ಪಾಲಿಶ್ ಮಾಡಬಾರದು, ಅದು ಒರಟಾಗಿಯೇ ಇರಬೇಕು ಎನ್ನುವುದು ಶಹಾಬಾದದಲ್ಲಿ ಅಂಬೆಗಾಲಿಡುವ ಕೂಸಿಗೂ ಗೊತ್ತು. ಆದರೆ ಅಪ್ಪನಿಗೆ ಒಮ್ಮೆ ಹುಕಿ ಬಂತು. ಮೋಡದ ಬಣ್ಣದ ಒಂದು ಚೆಂದದ ಕಲ್ಲು ಕೈಗೆ ಸಿಕ್ಕಿತ್ತು, ಅದಕ್ಕೆ ಕನ್ನಡಿಯ ಹಾಗೆ ಮೆರುಗು ಕೊಡಿಸಿ ತಂದು ಬಚ್ಚಲ ಮುಂದೆಯೇ ಕೂಡಿಸಿಬಿಟ್ಟ.

“ಬಾ ಇಲ್ಲಿ, ನಿನ್ನ ಮಾರಿ ಕಾಣ್ತದ ನೋಡು” ಎಂದು ಅವ್ವನನ್ನು ಕರೆದ.

ನೋಡಲು ಬಂದ ಅವ್ವನಿಗೆ ಕಂಡದ್ದು ಮಾರಿಯಲ್ಲ, ಆಕಾಶ. ಜಾರಿ ಬಿದ್ದ ರಭಸಕ್ಕೆ ಬಲಗೈ ಮಣಿಕಟ್ಟು ಮುರಿಯಿತು. ಅಪ್ಪ ಮರುದಿನವೇ ಆ ಕಲ್ಲು ಕಿತ್ತು ಮಗುಚಿ ಹಾಕಿದ. ಆದರೆ ಅವ್ವ ಅಷ್ಟಕ್ಕೆ ಬಿಡುವವಳಲ್ಲ. ಮಾತಾಡಿಸಲು ಬಂದ ಪ್ರತಿಯೊಬ್ಬರಿಗೂ, ಅಪ್ಪನಿಗೆ ಕೇಳುವ ಹಾಗೆಯೇ, “ನಮ್ಮನಿಯವ್ರು ನನಗ ನನ್ನ ಮಾರಿ ತೋರಸ್ಲಿಕ ಹೋಗಿ ಕೈ ಮುರದಾರ ನೋಡ್ರಿ” ಎನ್ನುತ್ತಿದ್ದಳು. ಅಪ್ಪ ಪೇಪರು ಅಡ್ಡ ಹಿಡಿದುಕೊಳ್ಳುತ್ತಿದ್ದ.

ಪಟ್ಟಿ ಬಿಚ್ಚಿದಾಗ ಎಲುಬು ಕೂಡಿತ್ತು. ಆದರೆ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಯಾವ ಸುದ್ದಿಯೂ ಮುಟ್ಟುತ್ತಿರಲಿಲ್ಲ. ಲೋಟ ಹಿಡಿದಿದ್ದೇನೆ ಎಂದುಕೊಂಡು ನಡೆಯುತ್ತಿದ್ದಳು, ಅದು ನೆಲಕ್ಕೆ ಬಿದ್ದ ಸಪ್ಪಳ ಕೇಳಿದ ಮೇಲೆಯೇ ಕೈ ಖಾಲಿ ಎಂದು ತಿಳಿಯುತ್ತಿತ್ತು. ಹಂಚಿನ ಮೇಲೆ ರೊಟ್ಟಿ ತಿರುವುವಾಗ ಬೆರಳು ಸುಟ್ಟದ್ದು ಮೂಗಿಗೆ ಗೊತ್ತಾಗುತ್ತಿತ್ತು, ಬೆರಳಿಗಲ್ಲ. ಡಾಕ್ಟರು ನೋಡಿ, “ನರ ಒತ್ತಿಕೊಂಡದ. ಬರ್ತದ, ಆದರ ಯಾವಾಗ ಅಂತ ಮಾತ್ರ ಕೇಳಬ್ಯಾಡ್ರಿ” ಎಂದರು. ಹಿಸುಕುತ್ತಿರಿ ಎಂದು ಒಂದು ರಬ್ಬರ್ ಚೆಂಡು ತೆಗೆದುಕೊಳ್ಳಲು ಹೇಳಿದರು.

ಅವ್ವನಿಗೆ ಲೋಟದ ಚಿಂತೆ ಇರಲಿಲ್ಲ, ರೊಟ್ಟಿಯದೂ ಇರಲಿಲ್ಲ. ಚಿಂತೆ ಇದ್ದದ್ದು ತೊಟ್ಟಿಲಿನದು. ತಂಗಿ ಆಗ ಬಸುರಿ. ಮದುವೆಯಾಗಿ ಬಹಳ ವರ್ಷ ಕಾದು, ಆಸ್ಪತ್ರೆ ಅಲೆದು, ಎಲ್ಲರೂ ಆ ಮಾತು ಆಡುವುದನ್ನೇ ಬಿಟ್ಟ ಮೇಲೆ ನಿಂತ ಬಸಿರು. ನಮ್ಮ ಕಡೆ ಹೆಸರಿಡುವ ದಿನ ಕೂಸನ್ನು ತೊಟ್ಟಿಲಿಗೆ ಹಾಕುವುದೆಂದರೆ ಸುಮ್ಮನೆ ಎತ್ತಿ ಮಲಗಿಸುವುದಲ್ಲ. ತೊಟ್ಟಿಲ ಆಚೆಗೊಬ್ಬಳು, ಈಚೆಗೊಬ್ಬಳು ಹೆಂಗಸು ನಿಲ್ಲುತ್ತಾರೆ. ಆಚೆಯವಳು “ಗೋಪಾಳನ ತಗೋರಿ” ಎಂದು ತೊಟ್ಟಿಲ ಕೆಳಗಿನಿಂದ ಕೂಸನ್ನು ನೀಡುತ್ತಾಳೆ. ಈಚೆಯವಳು ಬಗ್ಗಿ ತೆಗೆದುಕೊಂಡು, “ಗೋವಿಂದನ ತಗೋರಿ” ಎಂದು ಮೇಲಿನಿಂದ ತಿರುಗಿ ಕೊಡುತ್ತಾಳೆ. ಹೀಗೆ ಕೂಸು ತೊಟ್ಟಿಲನ್ನು ಸುತ್ತಿ ಬಂದ ಮೇಲೆಯೇ ಅದರೊಳಗೆ ಮಲಗುವುದು. ನಮ್ಮ ಮನೆತನದಲ್ಲಿ ಆಚೆ ನಿಲ್ಲುವವಳು ಕೂಸಿನ ಅಪ್ಪನ ತಾಯಿ, ಈಚೆ ನಿಲ್ಲುವವಳು ಕೂಸಿನ ತಾಯಿಯ ತಾಯಿ.

ಈಚೆ ನಿಂತು ಕೂಸನ್ನು ತೆಗೆದುಕೊಳ್ಳಬೇಕು, ಅವ್ವನಿಗೆ ಬೇಕಾದದ್ದು ಅಷ್ಟೇ. ಅಷ್ಟಕ್ಕೆ ಬೇಕಾದ ಮೂರು ಬೆರಳುಗಳೇ ಮುಷ್ಕರ ಹೂಡಿದ್ದವು.

ಡಾಕ್ಟರ ಚೀಟಿಯಲ್ಲಿದ್ದ ಇಂಗ್ಲಿಷ್ ಪದಗಳ ಅರ್ಥ ಹೇಳು ಎಂದು ಅವ್ವ ನನ್ನ ಜೀವ ತಿನ್ನುತ್ತಿದ್ದಳು. ಇಂಗ್ಲಿಷ್ ಮೇಡಂ ಎಂದ ಮೇಲೆ ನರದ ಸಮಾಚಾರವೂ ಗೊತ್ತಿರಬೇಕು ಎಂಬ ಲೆಕ್ಕ. ಕಾಲೇಜಿನ ಲೈಬ್ರರಿಯಲ್ಲಿ ದಪ್ಪನೆಯ ಒಂದು ನಿಘಂಟು ಇದೆ, ಎತ್ತಿದರೆ ಸೊಂಟ ಹಿಡಿಯುವಂಥದ್ದು. ಅದರಲ್ಲಿ ಜೋಮಿಗಿರುವ ‘ನಮ್’ ಎಂಬ ಇಂಗ್ಲಿಷ್ ಪದವನ್ನು ನೋಡಿದೆ. ಅದರ ಕೆಳಗೇ ಇತ್ತು, ಈ ‘ನಿಮ್’. ನಮ್ ಎಂದರೆ ಮೂಲದಲ್ಲಿ ‘ಹಿಡಿಯಲ್ಪಟ್ಟದ್ದು’ ಎಂದರ್ಥವಂತೆ. ಚಳಿಯೋ ನೋವೋ ಬಂದು ಹಿಡಿದ ಮೈ. ನಾವು ಜೋಮು ‘ಹಿಡಿಯಿತು’ ಎನ್ನುವುದಿಲ್ಲವೇ? ಸಮುದ್ರದಾಚೆಯ ಜನ, ನಮ್ಮ ಮುಖ ನೋಡದವರು, ನಮ್ಮ ಜೋಳ ಕಾಣದವರು, ಮರಗಟ್ಟಿದ ಕೈ ನೋಡಿ ನಾವು ಅಂದುಕೊಂಡದ್ದನ್ನೇ ಅಂದುಕೊಂಡಿದ್ದರು. ಲೈಬ್ರರಿಯಲ್ಲಿ ನಾನು ಗಟ್ಟಿಯಾಗಿ ‘ಅರರೆ!’ ಎಂದೆ, ಅಟೆಂಡರು ಹಾವು ಕಂಡಿತೇನೋ ಎಂದು ಓಡಿ ಬಂದ.

ನಿಮ್ ಒಂದು ಕಾಲದಲ್ಲಿ ಘನವಾಗಿ ಬಾಳಿದ ಪದ. ಅರಸರು ಕೋಟೆಯನ್ನು ನಿಮ್ ಮಾಡುತ್ತಿದ್ದರು. ಹಳ್ಳಿಯ ಜನ ದಾರಿಯನ್ನೂ ಅದೇ ಪದದಿಂದ ಹಿಡಿಯುತ್ತಿದ್ದರು, ಹೊರಡುವಾಗ ಅಪ್ಪಣೆಯನ್ನೂ ಅದರಿಂದಲೇ ಪಡೆಯುತ್ತಿದ್ದರು, ಹೇಳಿದ ಮಾತನ್ನು ಅದರಿಂದಲೇ ಮನಸ್ಸಿಗೆ ತೆಗೆದುಕೊಳ್ಳುತ್ತಿದ್ದರು. ಆಮೇಲೆ ಹೊರಗಿನಿಂದ ‘ಟೇಕ್’ ಎಂಬ ಪದ ಬಂದು ಮನೆಯಲ್ಲಿ ಕೂತಿತು. ಒಂಟೆಗೆ ಡೇರೆಯಲ್ಲಿ ಜಾಗ ಕೊಟ್ಟ ಹಾಗಾಯಿತು. ನಿಮ್‌ಗೆ ಅಂಗಳವೇ ಗತಿ. ಕೊನೆಗಾಲದಲ್ಲಿ ಅದು ಕಳ್ಳರ ಸಹವಾಸಕ್ಕೆ ಬಿತ್ತು. ಜೇಬಿಗೆ ಕೈ ಹಾಕುವುದಕ್ಕೆ, ಸಣ್ಣಪುಟ್ಟದ್ದನ್ನು ಲಪಟಾಯಿಸುವುದಕ್ಕೆ ಮಾತ್ರ ಜನ ಅದನ್ನು ಬಳಸಿದರು. ಹಾಗೆಯೇ ಸತ್ತಿತು. ಆದರೆ ಸಾಯುವ ಮೊದಲು ಎರಡು ಮಕ್ಕಳನ್ನು ಬಿಟ್ಟು ಹೋಗಿತ್ತು. ಒಂದು ಈ ನಮ್, ಜೋಮು. ಇನ್ನೊಂದು ‘ನಿಂಬಲ್’, ಅಂದರೆ ಚುರುಕು, ಥಟ್ಟನೆ ಹಿಡಿಯಬಲ್ಲದ್ದು. ಒಂದೇ ತಾಯಿಗೆ ಹಿಡಿಯುವ ಮಗ ಒಬ್ಬ, ಹಿಡಿಸಿಕೊಂಡು ಕೂತ ಮಗ ಇನ್ನೊಬ್ಬ. ಇಂಥವರು ಎಲ್ಲ ಮನೆಗಳಲ್ಲೂ ಇರುತ್ತಾರೆ.

ಮರುದಿನ ತರಗತಿಯಲ್ಲಿ ಪಾಠ ಬದಿಗಿಟ್ಟು ಇದನ್ನೇ ಹೇಳಿದೆ. ಪರೀಕ್ಷೆಗೆ ಬರುವುದಿಲ್ಲ ಎಂದು ಗೊತ್ತಾದ ಕೂಡಲೇ ಮಕ್ಕಳ ಮುಖ ಅರಳಿತು. ನಮ್ಮ ‘ಹಿಡಿ’ಯನ್ನು ಎಲ್ಲೆಲ್ಲಿ ಬಳಸುತ್ತೀರಿ ಹೇಳಿ ಎಂದೆ. ಮಳಿ ಹಿಡೀತದ, ಹಟ ಹಿಡೀತಾರ, ಜಡ್ಡು ಹಿಡೀತದ ಎಂದು ನಾಲ್ಕೂ ಕಡೆಯಿಂದ ಬಂದವು. ಕೋಡ್ಲಾದ ಒಬ್ಬ ಹುಡುಗ ಎದ್ದು, “ಸಿಮೆಂಟ್ ಹಿಡೀತದ್ರಿ ಮೇಡಂ. ನೀರ ಹೊಡದಷ್ಟೂ ಗಟ್ಟಿ ಹಿಡೀತದ” ಎಂದ. ಸಿಮೆಂಟ್ ಕಾರ್ಖಾನೆಯ ಮಗ್ಗುಲಲ್ಲೇ ಬೆಳೆದವನು, ಅವನ ಉದಾಹರಣೆ ಬೇರೆ ಏನಿದ್ದೀತು! ಚಿತ್ತಾಪುರದಿಂದ ಬರುವ ಹುಡುಗಿಯೊಬ್ಬಳು ಮೆಲ್ಲಗೆ, “ನೀವು ವಾಡ್ಯಾಗ ಸೀಟ ಹಿಡೀತೀರಲ್ರಿ ಮೇಡಂ, ಅದು?” ಎಂದಳು. ಇಡೀ ತರಗತಿ ನಕ್ಕಿತು.

ನಗಲಿ. ಶಹಾಬಾದದಿಂದ ಸೇಡಂಗೆ ಹೋಗಬೇಕಾದರೆ ನಾನು ವಾಡಿಯಲ್ಲಿ ಗಾಡಿ ಬದಲಿಸಬೇಕು. ಅಲ್ಲಿ ಪ್ಯಾಸೆಂಜರ್ ಗಾಡಿ ನಿಲ್ಲುವ ಮೊದಲೇ ಕಿಟಕಿಯೊಳಗೆ ದಸ್ತಿ ಎಸೆಯಬೇಕು. ದಸ್ತಿ ಎಂದರೆ ಕೈವಸ್ತ್ರ. ಅದು ಬಿದ್ದ ಸೀಟು ನಮ್ಮದು. ಅದನ್ನು ಎತ್ತಿಟ್ಟು ಕೂರುವ ಗಂಡಸು ವಾಡಿಯಲ್ಲಿ ಇನ್ನೂ ಹುಟ್ಟಿಲ್ಲ. ಈ ಕಲೆಯಲ್ಲಿ ನಾನು ಪಳಗಿದವಳು. ದಸ್ತಿಯ ಮೂಲೆಗೆ ಗಂಟು ಹಾಕಿಕೊಂಡಿರುತ್ತೇನೆ, ಗಾಳಿಗೆ ಹಾರಬಾರದು. ಇಂಥ ಕೈ ಇರುವವಳ ತಾಯಿಗೆ ಒಂದು ಕೂಸನ್ನು ಹಿಡಿಯುವ ಕೈ ಇಲ್ಲದೆ ಹೋಗುವುದೆಂದರೆ ಏನು? ಗಾಡಿಯಲ್ಲಿ ಕೂತಾಗಲೆಲ್ಲ ನನಗೆ ಸಿಟ್ಟೇ ಬರುತ್ತಿತ್ತು. ಯಾರ ಮೇಲೆ ಎಂದು ಗೊತ್ತಿಲ್ಲ, ಹೆಚ್ಚಾಗಿ ಅಪ್ಪನ ಮೇಲೆ.

ಮನೆಗೆ ಬಂದು ಅವ್ವನಿಗೆ ನಿಮ್‌ನ ಕತೆ ಹೇಳಿದೆ. ಜೋಮು ಹಿಡಿಯುತ್ತದೆ ಎಂದು ಹಳೇ ಕಾಲದ ಇಂಗ್ಲಿಷರೂ ಅನ್ನುತ್ತಿದ್ದರು ಎಂದಾಗ ಅವಳು ಕಣ್ಣು ಅಗಲ ಮಾಡಿದಳು.

“ಅವರಿಗೂ ಹಿಡೀತಿತ್ತಾ?”

“ಹಿಡೀದೇನವ್ವ! ಅಲ್ಲಿ ಭಾಳ ಥಂಡಿ.”

“ಪಾಪ! ಅವರ ಹೆಣ್ಮಕ್ಕಳು ರೊಟ್ಟಿ ಹ್ಯಾಂಗ ಬಡೀತಿದ್ದರೋ ಏನೋ.”

ಅವರು ರೊಟ್ಟಿ ಬಡಿಯುವುದಿಲ್ಲ ಎಂದು ನಾನು ಹೇಳಲಿಲ್ಲ. ಅವ್ವನಿಗೆ ಅಂದು ಯಾಕೋ ಹುರುಪು ಬಂದಿತ್ತು. ರಬ್ಬರ್ ಚೆಂಡನ್ನು ಮೂಲೆಗೆ ಒಗೆದಳು. “ಇದು ಹಿಚುಕಿದ್ರ ಏನ ಬರ್ತದ? ಹಿಟ್ಟ ನಾದಿದ್ರ ರೊಟ್ಟ್ಯರ ಬರ್ತದ” ಎಂದು ಜೋಳದ ಹಿಟ್ಟಿನ ಮುಂದೆ ಕೂತಳು.

ಜೋಳದ ಹಿಟ್ಟು ಗೋಧಿಯ ಹಾಗಲ್ಲ, ಜಿಗಿ ಇಲ್ಲ. ಬಿಸಿ ನೀರು ಹಾಕಿ ಅಂಗೈಯಿಂದ ಒತ್ತಿ ಒತ್ತಿ ನಾದಬೇಕು, ಆಮೇಲೆ ಬೆರಳ ತುದಿಗೆ ಅಂಚು ಎಷ್ಟು ತೆಳುವಾಯಿತು ಎಂದು ತಿಳಿಯುತ್ತ ಬಡಿಯಬೇಕು. ಅವ್ವನ ಬೆರಳಿಗೆ ಏನೂ ತಿಳಿಯುತ್ತಿರಲಿಲ್ಲ. ರೊಟ್ಟಿಗಳು ಹರಿದವು, ಒಡೆದವು, ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು. ಚಿಂಚೋಳಿ ತಾಲ್ಲೂಕಿನ ನಕ್ಷೆ ಬಂತು, ಚಿತ್ತಾಪುರದ್ದು ಬಂತು, ದುಂಡನೆಯದು ಮಾತ್ರ ಬರಲೊಲ್ಲದು. ಹರಿದ ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಉಪ್ಪು, ತುಪ್ಪ ಹಾಕಿ ಜಜ್ಜಿ ಮುಷ್ಟಿಯಲ್ಲಿ ಒತ್ತಿದರೆ ಮುಟಗಿ ಆಗುತ್ತದೆ. ಅಪ್ಪನೂ ನಾನೂ ಬೆಳಿಗ್ಗೆ ಮುಟಗಿ ತಿಂದೆವು, ಸಂಜೆ ಮುಟಗಿ ತಿಂದೆವು. ಕಾಲೇಜಿನ ಡಬ್ಬಿಯಲ್ಲೂ ಮುಟಗಿ. ಸ್ಟಾಫ್ ರೂಮಿನವರು ನನ್ನ ಡಬ್ಬಿಗಾಗಿ ಕಾಯತೊಡಗಿದರು. ಕಲ್ಲು ಕೂಡಿಸಿದ ತಪ್ಪಿಗೆ ಅಪ್ಪ ತುಟಿ ಪಿಟಕ್ಕೆನ್ನದೆ ತಿಂದು ಹೊಟ್ಟೆ ಬೆಳೆಸಿಕೊಂಡ.

ಈ ಹೊತ್ತಿಗೆ ಭಂಕೂರದಿಂದ ದೊಡ್ಡವ್ವ ಬಂದಳು. ಅವ್ವನ ಅಕ್ಕ. ತೊಗರಿ ಹೊಲದಲ್ಲಿ ದುಡಿದು ಗಟ್ಟಿಯಾದ ಕೈ, ಅಷ್ಟೇ ಗಟ್ಟಿ ಬಾಯಿ. ಅವ್ವನ ಕೈ ಹಿಡಿದು ನೋಡಿ, ಬೆರಳು ಚಿವುಟಿ, “ನೋಯ್ತಾ?” ಎಂದಳು.

“ಏನು?” ಎಂದಳು ಅವ್ವ. ಚಿವುಟಿದ್ದೇ ಅವಳಿಗೆ ತಿಳಿದಿರಲಿಲ್ಲ.

“ಮುಗೀತು ಬಿಡು. ತೊಟ್ಟಲದ ಮುಂದ ನಾ ನಿಂದರ್ತೀನಿ. ನೀ ಕುರ್ಚಿ ಮ್ಯಾಲ ಕುಂತು ನೋಡು. ಏಸ ವರ್ಷಕ್ಕ ಆಗೂ ಕೂಸದು, ಕೈ ಜಾರಿ ಏನಾರ ಆದ್ರ?”

ಮಾತಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ದೊಡ್ಡವ್ವ ಹೋದ ಮೇಲೆ ಅವ್ವ ಒಳಗೆ ಹೋಗಿ ಮಲಗಿದಳು. ಹಗಲು ಹೊತ್ತು ಅವ್ವ ಮಲಗಿದ್ದನ್ನು ನಾನು ನೋಡಿದವಳೇ ಅಲ್ಲ. ಪಕ್ಕದಲ್ಲಿ ಕೂತೆ.

“ಅಕ್ಕ ಅಂದದ್ದು ಖರೇ ಅದ” ಎಂದಳು ಗೋಡೆಯ ಕಡೆ ಮುಖ ಮಾಡಿ. “ಬಿಟ್ಟರ ಹ್ಯಾಂಗ? ನಾ ಬಿಟ್ಟೆ ಅಂತ ನನಗೇ ತಿಳ್ಯಂಗಿಲ್ಲ.”

ನಾನು ಅವಳ ಬಲಗೈಯನ್ನು ನನ್ನ ತೊಡೆಯ ಮೇಲೆ ಎಳೆದುಕೊಂಡು ಬೆರಳು ತಿಕ್ಕುತ್ತ ಕೂತೆ.

ಒಂದು ಶನಿವಾರ ಕಾಲೇಜಿನಿಂದ ಬೇಗ ಬಂದಾಗ ಮನೆಯೊಳಗಿನಿಂದ ಮಾತು ಕೇಳಿಸಿತು. “ಗೋಪಾಳನ ತಗೋ. ಹಾಂಗಲ್ಲ, ಕೆಳಗ ಬಗ್ಗು. ಬಗ್ಗಂದ್ರ ಬಗ್ಗಬೇಕು!” ಒಳಗೆ ನೋಡಿದರೆ ಅವ್ವ ಮಂಚದ ಈಚೆ. ಆಚೆ ಅಪ್ಪ, ಪಂಚೆ ಎತ್ತಿ ಕಟ್ಟಿ, ನೆಲಕ್ಕೆ ಮೊಳಕಾಲೂರಿ, ಹಳೇ ಸೀರೆಯಲ್ಲಿ ಸುತ್ತಿದ ಏನನ್ನೋ ಎರಡೂ ಕೈಯಲ್ಲಿ ಹಿಡಿದು ಮಂಚದ ಕೆಳಗಿನಿಂದ ನೀಡುತ್ತಿದ್ದಾನೆ. ಅದು ರುಬ್ಬುವ ಗುಂಡು. ತೊಟ್ಟಿಲಿಗೆ ಕೂಸಿನ ಮೊದಲು ಹಾಕುವುದು ಗುಂಡುಕಲ್ಲನ್ನೇ. ಅದಕ್ಕೂ ತಲೆ, ಬೆನ್ನು ಮುಚ್ಚುವ ಕುಂಚಿಗಿ ತೊಡಿಸಿ, ಗುಂಡಪ್ಪ ಎಂದು ಕರೆದು, ಕೂಸಿನ ಹಾಗೆಯೇ ಕೊಟ್ಟು ತೆಗೆದುಕೊಂಡು ಮಾಡುತ್ತಾರೆ. ಅವ್ವ ಅದರ ಮೇಲೆಯೇ ತಾಲೀಮು ಶುರು ಮಾಡಿದ್ದಳು, ಬೀಗತಿಯ ಜಾಗದಲ್ಲಿ ಅಪ್ಪನನ್ನು ನಿಲ್ಲಿಸಿಕೊಂಡು. ನನ್ನನ್ನು ಕಂಡು ಅಪ್ಪ ಗುಂಡನ್ನು ಎದೆಗೆ ಅವಚಿಕೊಂಡ.

“ನಗಬ್ಯಾಡ” ಎಂದ ಗಂಭೀರವಾಗಿ. “ಭಾಳ ಹೈರಾಣ ಮಾಡ್ಲಿಕತ್ತದ ಈ ಕೂಸು.”

ನಾನು ನಕ್ಕು ನಕ್ಕು ನೆಲಕ್ಕೆ ಕೂತೆ. ಅವ್ವನೂ ಕೂತಳು. ಆ ದಿನದಿಂದ ತಾಲೀಮಿಗೆ ನಾನೂ ಸೇರಿದೆ. ಬೆರಳನ್ನು ನಂಬದೆ ಹೇಗೆ ಹಿಡಿಯುವುದು ಎಂದು ಅವ್ವ ತಾನೇ ಕಂಡುಕೊಂಡಳು. ಎಡಗೈಯನ್ನು ತಲೆಯ ಕೆಳಗೆ ಕೊಡುವುದು, ಬಲಗೈಯ ಅಂಗೈಯನ್ನು ಬೆನ್ನಿಗೆ ಕೊಡುವುದು, ಮೊಳಕೈ ಸೊಂಟಕ್ಕೆ ಆನಿಸುವುದು, ಕಣ್ಣು ಕದಲಿಸದಿರುವುದು. ಮೊದಮೊದಲು ಗುಂಡು ಗಾದಿಯ ಮೇಲೆ ಬೀಳುತ್ತಿತ್ತು. ಬರಬರುತ್ತ ಬೀಳುವುದು ನಿಂತಿತು. ನಡುವೆ ಒಮ್ಮೊಮ್ಮೆ ಬೆರಳಿನಲ್ಲಿ ಇರುವೆ ಹರಿದ ಹಾಗೆ ಆಗುತ್ತದೆ ಎನ್ನತೊಡಗಿದಳು. ಡಾಕ್ಟರನ್ನು ಕೇಳಿದರೆ ಅದು ಒಳ್ಳೇ ಗುರುತು ಎಂದರು. ಆದರೂ ಚಿವುಟಿದರೆ ಮಾತ್ರ ತಿಳಿಯುತ್ತಿರಲಿಲ್ಲ.

ಗಂಡು ಕೂಸು ಹುಟ್ಟಿತು. ತಂಗಿ ಬಾಣಂತನಕ್ಕೆ ಶಹಾಬಾದದಲ್ಲೇ ಇದ್ದಳು. ಅವ್ವ ಕೂಸನ್ನು ತೊಡೆಯ ಮೇಲೆ ಹಾಕಿಸಿಕೊಳ್ಳುತ್ತಿದ್ದಳು, ಮುದ್ದು ಮಾಡುತ್ತಿದ್ದಳು, ತಾನಾಗಿ ಮಾತ್ರ ಒಮ್ಮೆಯೂ ಎತ್ತಲಿಲ್ಲ. “ತೊಟ್ಟಲದ ದಿನ ಎತ್ತತೀನಿ” ಎನ್ನುತ್ತಿದ್ದಳು. ತಂಗಿ ಒಂದು ಸಂಜೆ ನನ್ನನ್ನು ಕರೆದು, “ಅಕ್ಕಾ, ಅವ್ವಗೇ ಕೊಡಬೇಕು ಅಂತ ನನಗೂ ಅದ. ಆದರ ಅಂಜಿಕಿ ಆಗ್ಲಿಕತ್ತದ” ಎಂದಳು. ನನಗೂ ಅದೇ ಆಗುತ್ತಿತ್ತು.

ಆ ದಿನ ಬಂತು. ಚಿಂಚೋಳಿಯಿಂದ ಜೀಪಿನ ತುಂಬ ಬೀಗರು ಬಂದರು. ಕೂಸಿನ ಅಪ್ಪನ ತಾಯಿ, ಅಂದರೆ ಅವ್ವನ ಬೀಗತಿ, ಎತ್ತರದ ಹೆಂಗಸು. ತೆಲಂಗಾಣದ ಗಡಿಯವರಾದ್ದರಿಂದ ಮಾತಿನ ನಡುವೆ ತೆಲುಗು ಇಣುಕುತ್ತದೆ. ನಡುಮನೆಯಲ್ಲಿ ಹೂವು ಕಟ್ಟಿದ ತೊಟ್ಟಿಲು, ಕೆಳಗೆ ಹಳೇ ಬಟ್ಟೆ ಹೊಲಿದ ದಪ್ಪನೆಯ ಕೌದಿ, ಸುತ್ತ ಓಣಿಯ ಹೆಂಗಸರೆಲ್ಲ, ಅವರ ಕೈಯಲ್ಲೆಲ್ಲ ಮೊಬೈಲು. ಅಡುಗೆಮನೆಯಿಂದ ಹೋಳಿಗೆಯ ವಾಸನೆ. ದೊಡ್ಡವ್ವ ಹೊಸ ಇಳಕಲ್ ಸೀರೆ ಉಟ್ಟು, ಯಾವ ಕ್ಷಣದಲ್ಲಾದರೂ ಅವ್ವನ ಜಾಗಕ್ಕೆ ನುಗ್ಗಲು ತಯಾರಾಗಿ ನಿಂತಿದ್ದಳು. ಬಂದವರೆಲ್ಲ ನೋಡುತ್ತಿದ್ದದ್ದು ಕೂಸನ್ನಲ್ಲ, ಅವ್ವನ ಕೈಯನ್ನು.

ಮೊದಲು ಗುಂಡಪ್ಪನ ಸರದಿ. ಅಲ್ಲೇ ನಾವು ಎಡವಿದ್ದು. ತಾಲೀಮಿನಲ್ಲಿ ಗುಂಡು ಒಣಗಿತ್ತು, ಹಳೇ ಹತ್ತಿ ಸೀರೆಯಲ್ಲಿ ಸುತ್ತಿತ್ತು. ಶಾಸ್ತ್ರದ ದಿನ ಅದಕ್ಕೆ ಎಣ್ಣೆ, ಅರಿಷಿಣ ಹಚ್ಚುತ್ತಾರೆ ಎಂಬುದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ದೊಡ್ಡವ್ವ ಭಕ್ತಿಯಿಂದ ಬಟ್ಟಲು ಎಣ್ಣೆ ಸುರಿದು ತಿಕ್ಕಿದ್ದಳು, ಮೇಲೆ ರೇಶಿಮೆಯ ಕುಂಚಿಗಿ ತೊಡಿಸಿದ್ದಳು.

“ಗೋಪಾಳನ ತಗೋರಿ” ಎಂದು ಬೀಗತಿ ತೊಟ್ಟಿಲ ಕೆಳಗಿನಿಂದ ನೀಡಿದರು. ಅವ್ವ ಬಗ್ಗಿ ತೆಗೆದುಕೊಂಡಳು. ಎಡಗೈ ತಲೆಗೆ, ಬಲಗೈ ಬೆನ್ನಿಗೆ, ಎಲ್ಲ ಕಲಿತ ಹಾಗೆಯೇ. ಮೇಲೆ ಏಳುವಷ್ಟರಲ್ಲಿ ಗುಂಡಪ್ಪ ಕುಂಚಿಗಿಯೊಳಗಿಂದ ಜಾರಿ ಧಪ್ಪೆಂದು ಕೌದಿಯ ಮೇಲೆ ಬಿದ್ದ. ಅವ್ವನ ಕೈಯಲ್ಲಿ ಬರೀ ಕುಂಚಿಗಿ ಉಳಿಯಿತು.

ತಂಗಿ ಕೂಸನ್ನು ಎದೆಗೆ ಒತ್ತಿಕೊಂಡಳು. ಅಪ್ಪ ಬಾಗಿಲ ಹೊರಗೆ ಗಂಡಸರ ನಡುವೆ ನಿಂತು ಕತ್ತು ಉದ್ದ ಮಾಡಿದ. ಅವ್ವ ಎರಡೂ ಕೈ ಸೆರಗಿನೊಳಗೆ ಸರಿಸಿಕೊಂಡಳು. “ಅಕ್ಕಾ, ನೀನೇ ಬಾ” ಎಂದಳು, ಅಷ್ಟು ಸಣ್ಣ ದನಿ ಅವಳಿಗೆ ಇದೆ ಎಂದು ನನಗೆ ಗೊತ್ತಿರಲಿಲ್ಲ. ದೊಡ್ಡವ್ವ ಮುಂದೆ ಬಂದಳು.

ಆಗ ಬೀಗತಿ ತೊಟ್ಟಿಲ ಆಚೆಯಿಂದ ಕೈ ಅಡ್ಡ ಮಾಡಿದರು.

“ನಿಂದರ್ರಿ ಅಕ್ಕಾರ. ಏಂ ಕಾದು, ಏನೂ ಆಗಂಗಿಲ್ಲ. ಗುಂಡಪ್ಪನ್ನ ಮೊದಲ ಯಾಕ ಮಾಡ್ತೀವ್ರಿ ನಾವು? ಕೂಸಿಗಿ ಬರೂದು ಅವಗ ಬರ್ಲಿ ಅಂತ. ಬೀಳೂದು ಇತ್ತು, ಅವ ಬಿದ್ದ. ಇನ್ನ ನಮ್ಮ ಕೂಸ ಬೀಳಂಗಿಲ್ಲ.”

ಯಾವ ಹಿರಿಯರು ಈ ಅರ್ಥ ಹೇಳಿದ್ದರೋ, ಬೀಗತಿ ನಿಂತಲ್ಲೇ ಹುಟ್ಟಿಸಿದರೋ, ನನಗೆ ಇಂದಿಗೂ ತಿಳಿಯದು. ಹೆಂಗಸರೆಲ್ಲ “ಖರೇ ಅದ, ಖರೇ ಅದ” ಎಂದರು. ದೊಡ್ಡವ್ವನೂ ನಿಂತಳು, ಶಾಸ್ತ್ರದ ಮಾತಿಗೆ ಅವಳು ಎದುರಾಡುವವಳಲ್ಲ. ಬೀಗತಿ ಅವ್ವನ ಕಡೆ ತಿರುಗಿದರು.

“ಬರ್ರಿ ಬೀಗತಿ. ನಾ ಇತ್ತಾಗಿಂದ ಹಿಡಿದಿರ್ತೀನಿ. ನೀವು ಹಿಡಿದೀನಿ ಅನ್ನೂ ತನಕ ನಾ ಬಿಡಂಗಿಲ್ಲ. ಸಂಜಿ ಆಗ್ಲಿ ಬೇಕಾದ್ರ.”

ಆ ಹೆಂಗಸಿನ ಕಾಲಿಗೆ ಬೀಳಬೇಕು ಎನ್ನಿಸಿತು ನನಗೆ. ಅವ್ವ ಸೆರಗಿನಿಂದ ಕೈ ಹೊರಗೆ ತೆಗೆದಳು, ಎಣ್ಣೆ ಒರೆಸಿಕೊಂಡಳು.

ಅಪ್ಪ ತಂದಿದ್ದ ಬೆಳ್ಳಿಯ ಉಡದಾರವನ್ನು ಆಗ ತಾನೇ ಕೂಸಿನ ಸೊಂಟಕ್ಕೆ ಕಟ್ಟಿದ್ದರು. ಅದು ಫೋಟೋದಲ್ಲಿ ಕಾಣಲಿ ಎಂದು ತಂಗಿ ಡೈಪರ್ ಬಿಚ್ಚಿ, ಬರೀ ಅಂಗಿಯಲ್ಲಿ ಕೂಸನ್ನು ಅತ್ತೆಯ ಕೈಗೆ ಕೊಟ್ಟಳು. ಬೀಗತಿ ಬಗ್ಗಿದರು. ಅವ್ವನೂ ಬಗ್ಗಿದಳು. ತೊಟ್ಟಿಲ ಕೆಳಗೆ ಇಬ್ಬರ ತಲೆಗಳೂ ಹತ್ತಿರ ಬಂದವು, ನಡುವೆ ಕೂಸು, ಅದರ ಸುತ್ತ ನಾಲ್ಕು ಕೈ.

“ಗೋಪಾಳನ ತಗೋರಿ” ಎಂದರು ಬೀಗತಿ. ಅವ್ವನ ಕೈಗಳು ಕೂಸಿನ ಕೆಳಗೆ ಸೇರಿದವು. ಬೀಗತಿ ಬಿಡಲಿಲ್ಲ.

“ಹಿಡಿದ್ರಿ?”

ಅವ್ವನ ಕಣ್ಣು ಕೂಸಿನ ಮೇಲೆ ನೆಟ್ಟಿತ್ತು.

“ಹಿಡಿದ್ರೇನ್ರಿ, ಬೀಗತಿ?”

ಬೀಗತಿಯ ಸೊಂಟ ನೋಯುತ್ತಿರಬೇಕು, ಆದರೂ ಅಲುಗಲಿಲ್ಲ. ಹಿಂದೆ ಯಾರೋ ಕೆಮ್ಮಿದರು. ಆಗ ಅವ್ವ ತೊಟ್ಟಿಲ ಕೆಳಗಿನಿಂದಲೇ ಕೂಗಿದಳು, ಇಡೀ ಓಣಿಗೆ ಕೇಳುವ ಹಾಗೆ.

“ಬಿಡ್ರಿ! ಬಿಡ್ರಿ ಬೀಗತಿ, ಹಿಡಿದೀನಿ! ಉಚ್ಚಿ ಹೊಯ್ಯಾಕತ್ತ್ಯಾನ ಇವ! ಬೆಚ್ಚಗ ಹತ್ತಾಕತ್ತದ ನನ್ನ ಬೆರಳಿಗಿ!”

ಬೀಗತಿ ಬಿಟ್ಟರು. ಅವ್ವ ಕೂಸನ್ನು ಹಿಡಿದುಕೊಂಡು ಮೇಲೆದ್ದಳು. ಕೂಸು ಇನ್ನೂ ಹೊಯ್ಯುತ್ತಲೇ ಇತ್ತು, ಅವ್ವನ ಮೂರು ಬೆರಳ ಮೇಲಿನಿಂದ, ಮಣಿಕಟ್ಟಿನ ಮೇಲಿನಿಂದ, ಹೊಸ ಸೀರೆಯ ಮೇಲೆ. ಬೆಂಕಿಯ ಮೇಲಿನ ಹಂಚು ಮುಟ್ಟಿದರೂ ತಿಳಿಯದಿದ್ದ ಬೆರಳು. ಅವ್ವನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು. ಹೆಂಗಸರು ಹೋ ಎಂದು ನಕ್ಕರು. ತಂಗಿ ಅಳತೊಡಗಿದಳು. ದೊಡ್ಡವ್ವ ಎಲ್ಲರ ನಡುವಿನಿಂದ ನುಗ್ಗಿ ಬಂದು ಅವ್ವನ ಕೈಬೆರಳನ್ನು ಚಿವುಟಿದಳು.

“ಎವ್ವಾ, ನೋಯ್ತದ ಬಿಡಬೇ!” ಎಂದಳು ಅವ್ವ. ಚಿವುಟಿಸಿಕೊಂಡು ಅಷ್ಟು ಖುಷಿಪಟ್ಟವರನ್ನು ನಾನು ಬೇರೆ ಕಂಡಿಲ್ಲ.

“ಮ್ಯಾಲಿಂದ ಕೊಡ್ರಿ ಇನ್ನ” ಎಂದು ಬೀಗತಿ ಕೈ ಚಾಚಿದರು. ಅವ್ವ ಕೊಡಲಿಲ್ಲ. ಗೋವಿಂದನ ಕೊಡ್ರಿ ಎಂದು ಹೆಂಗಸರೆಲ್ಲ ಕೂಗಿದರು, ಆಗಲೂ ಕೊಡಲಿಲ್ಲ. ಒಳಗಿನಿಂದ ಯಾರೋ ಹೋಳಿಗೆ ಆರುತ್ತವೆ ಎಂದರು. ಅವ್ವ ಅದ್ಯಾವುದನ್ನೂ ಕಿವಿಗೆ ಹಾಕಿಕೊಳ್ಳದೆ, ತೊಯ್ದ ಬೆರಳುಗಳಿಂದ ಕೂಸನ್ನು ಇನ್ನಷ್ಟು ಹತ್ತಿರ ಹಿಡಿದು, ಅದರ ಕಿವಿಯಲ್ಲಿ ಹೇಳಿದಳು:

“ಇನ್ನೊಂದ ಸಲ ಹೊಯ್ಯಿ ನನ್ನಪ್ಪಾ.”